ಒಣಗಲು ಇಟ್ಟ ನಂಬರು

ಮೊದಲು ದೇವರ ದಯೆಯನ್ನು ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚನ್ನು ಆಮೇಲೆ ಹೇಳುತ್ತೇನೆ. ಆ ದಿನಗಳಲ್ಲಿ ಶಿಡ್ಲಘಟ್ಟದಲ್ಲಿ ಕೆಲಸದ ಹೊತ್ತಿಗೆ ಕರೆಂಟು ಹೋಗಲಿಲ್ಲ. ನಲ್ಲಿ ನೀರು ಬೆಳಿಗ್ಗೆಯೇ ಬಂದುಹೋಗುತ್ತಿತ್ತು, ಮೀಟಿಂಗಿನ ನಡುವೆ ಎದ್ದು ಡ್ರಮ್ಮು ತುಂಬಿಸುವ ಪಾಡು ಇರಲಿಲ್ಲ. ಅತ್ತೆಯವರ ಮಂಡಿನೋವು ತಹಬಂದಿಯಲ್ಲಿತ್ತು. ಇಷ್ಟನ್ನೆಲ್ಲ ಕೊಟ್ಟ ವೆಂಕಟರಮಣಸ್ವಾಮಿ ನೆಮ್ಮದಿಯೊಂದನ್ನು ಮಾತ್ರ ಕೊಡಲಿಲ್ಲ. ಯಾಕೆಂದರೆ ನಾನು ಕೂತ ಕೆಲಸಕ್ಕೇ ನನ್ನ ಜೊತೆ ಓದಿದವಳನ್ನೂ ತಂದು ಕೂರಿಸಿದ್ದ.

ಅವಳು ಚಿಂತಾಮಣಿಯವಳು. ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುವಾಗ ಇಬ್ಬರದೂ ಒಂದೇ ಬೆಂಚು. ನಾನು ಮದುವೆಯಾಗಿ ಮನೆ ಹಿಡಿದೆ, ಅವಳು ಬೆಂಗಳೂರಿನಲ್ಲಿ ಕೆಲಸ ಹಿಡಿದಳು. ಮಗಳು ಹೈಸ್ಕೂಲು ಸೇರಿದ ಮೇಲೆ ನಾನು ಮನೆಯಿಂದಲೇ ಅರ್ಧ ದಿನದ ಗುತ್ತಿಗೆ ಕೆಲಸ ಒಪ್ಪಿಕೊಂಡರೆ, ಆ ತಂಡದ ಹಿರಿಯ ಜಾಗದಲ್ಲಿ ಇವಳೇ ಇದ್ದಳು. ಮೊದಲ ದಿನದ ವಿಡಿಯೋ ಕರೆಯಲ್ಲಿ ಎಲ್ಲರಿಗೂ ನನ್ನನ್ನು ಪರಿಚಯ ಮಾಡಿಸಿ, "ಕಾಲೇಜಲ್ಲಿ ನನಗಿಂತ ಇವಳೇ ಜಾಣೆ ಆಗಿದ್ಲು" ಅಂದಳು. ಪ್ರೀತಿಯಿಂದಲೇ ಅಂದದ್ದು. ಆ "ಆಗಿದ್ಲು" ಮಾತ್ರ ನನ್ನ ಹೊಟ್ಟೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಕೆಲಸ ಏನೆಂದು ಹೇಳಬೇಕು. ನಮ್ಮ ಕಂಪನಿ ದೊಡ್ಡ ಕಂಪ್ಯೂಟರುಗಳೊಳಗೆ ಕೂರುವ ಒಂದು ಕಾರ್ಡು ಮಾಡುತ್ತದೆ. ಭಾರೀ ಲೆಕ್ಕಗಳನ್ನು ಮುಖ್ಯ ಪ್ರೊಸೆಸರಿನ ತಲೆಯಿಂದ ಇಳಿಸಿಕೊಂಡು ಈ ಕಾರ್ಡು ಮಾಡುತ್ತದೆ. ಹಳೆಯ ಕಾರ್ಡುಗಳಾದರೆ ಪ್ರೋಗ್ರಾಂ ತನ್ನ ಮಾಹಿತಿಯನ್ನು ಕಾರ್ಡಿಗೆ ನಕಲು ಮಾಡಿ ಕೊಡಬೇಕಿತ್ತು. ಇದು ಹಾಗಲ್ಲ, ಪ್ರೋಗ್ರಾಮಿನ ಮೆಮೊರಿಗೇ ನೇರವಾಗಿ ಕೈ ಹಾಕಿ ಓದುತ್ತದೆ, ಅಲ್ಲೇ ಬರೆಯುತ್ತದೆ. ಒಂದೇ ಕಾರ್ಡನ್ನು ಒಂದೇ ಹೊತ್ತಿಗೆ ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡಿರುತ್ತವೆ. ಹಾಗಾದರೆ ಕಾರ್ಡು ಯಾರ ಮೆಮೊರಿಗೆ ಕೈ ಹಾಕಬೇಕು? ಅದಕ್ಕಾಗಿ ಪ್ರತಿ ಪ್ರೋಗ್ರಾಮಿಗೂ ಒಂದು ನಂಬರು. ಕಾರ್ಡಿನಿಂದ ಹೊರಡುವ ಪ್ರತಿ ಕೋರಿಕೆಯ ಹಣೆಯ ಮೇಲೂ ಆ ನಂಬರು ಇರುತ್ತದೆ, ಅದನ್ನು ನೋಡಿ ಕಂಪ್ಯೂಟರು ಸರಿಯಾದ ಮೆಮೊರಿಯ ಬಾಗಿಲು ತೆಗೆಯುತ್ತದೆ.

ನಂಬರು ತಪ್ಪಿದರೆ ಒಬ್ಬರ ಮನೆಯ ಅನ್ನ ಇನ್ನೊಬ್ಬರ ತಟ್ಟೆಗೆ ಬೀಳುತ್ತದೆ. ಆಸ್ಪತ್ರೆಯ ಲೆಕ್ಕದೊಳಗೆ ಬ್ಯಾಂಕಿನ ಲೆಕ್ಕ ಬರೆದುಹೋಗಬಹುದು. ಯಾರಿಗೂ ಗೊತ್ತೇ ಆಗದೆ ಇರಬಹುದು.

ಈ ನಂಬರನ್ನು ಕೊಡುವವರು ಯಾರು, ಹಿಡಿದುಕೊಳ್ಳಬಹುದಾದವರು ಯಾರು, ವಾಪಸ್ಸು ಮಾಡುವವರು ಯಾರು, ಇನ್ನೊಬ್ಬರಿಗೆ ಕೊಡುವುದು ಯಾವಾಗ, ಈ ನಡವಳಿಕೆಯನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮಿನೊಳಗೆ ಒಂದು ಕಡತದಲ್ಲಿ ಕಟ್ಟುಮಾಡಿ ಇಡಬೇಕು. ಒಂದೇ ನಂಬರನ್ನು ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಭಾಗ, ಮೆಮೊರಿಯ ವಿಳಾಸ ಹುಡುಕಿಕೊಡುವ ಭಾಗ, ಮೆಮೊರಿ ನೋಡಿಕೊಳ್ಳುವ ಭಾಗ ಇವರೆಲ್ಲ ಒಟ್ಟಿಗೆ ಹಿಡಿದಿರುತ್ತಾರೆ. ಅವರು ಕರೆಯಬಹುದಾದ ಕರೆಗಳ ಕಟ್ಟನ್ನೇ ಇಂಟರ್‌ಫೇಸ್ ಅನ್ನುವುದು. ಒಮ್ಮೆ ಒಳಗೆ ಹೋದರೆ ಎಲ್ಲರೂ ಅದರ ಮೇಲೆ ಮನೆ ಕಟ್ಟುತ್ತಾರೆ, ಆಮೇಲೆ ಬುನಾದಿ ಬದಲಿಸಲು ಆಗುವುದಿಲ್ಲ.

ತಂಡದ ಮುಖ್ಯಸ್ಥರು ನಮ್ಮಿಬ್ಬರಿಗೂ ಹೇಳಿದರು. "ಇಬ್ರೂ ಬೇರೆ ಬೇರೆ ಬರ್ಕೊಂಡು ಬನ್ನಿ. ಸೋಮವಾರ ಕೂತು ಒಂದನ್ನ ಆರಿಸೋಣ. ಯಾರ್ದು ಒಳಗೆ ಹೋಗತ್ತೋ ಆ ಕಡತಕ್ಕೆ ಅವರೇ ಒಡೆಯರು. ಮುಂದೆ ಯಾರು ಏನು ಬದಲಾಯಿಸಬೇಕಾದ್ರೂ ಅವರನ್ನ ಕೇಳ್ಬೇಕು."

ಕಡತದ ತಲೆಯ ಮೇಲೆ ಒಡೆಯರ ಹೆಸರು ಇರುತ್ತದೆ. ರೇಷನ್ ಕಾರ್ಡು, ಮಗಳ ಶಾಲೆಯ ಡೈರಿ, ಲಗ್ನಪತ್ರಿಕೆಯ ಲಕೋಟೆ ಎಲ್ಲ ಕಡೆಯೂ ನನ್ನ ಹೆಸರು ಇನ್ನೊಬ್ಬರ ಹೆಸರಿನ ಬಾಲವಾಗಿಯೇ ಇರುವುದು. ಅದಕ್ಕೆ ಬೇಸರವೇನಿಲ್ಲ. ಆದರೆ ಆ ಕಡತದ ತಲೆಯ ಮೇಲೆ ನನ್ನ ಹೆಸರು ಒಂದೇ ಇರಬೇಕೆಂದು ನನಗೆ ಹಸಿವಿನ ಹಾಗೆ ಆಸೆಯಾಯಿತು. ಅವಳ ಹೆಸರು ಇರಬಾರದು ಎಂಬ ಆಸೆ ಅದಕ್ಕಿಂತ ತುಸು ಹೆಚ್ಚಾಗಿಯೇ ಇತ್ತು.

ಯಾರು ಬರೆದದ್ದೂ ತಂಡದವರಿಗೆಲ್ಲ ಕಾಣುತ್ತಿತ್ತು. ಅವಳ ಕಟ್ಟು ಹೀಗಿತ್ತು. ನಂಬರನ್ನು ಮೊದಲು ಕೇಳಿದವರೇ ಯಜಮಾನರು. ಕೆಲಸ ಮುಗಿದಾಗ ಅವರು ಬಿಡುಗಡೆ ಎಂಬ ಕರೆ ಕರೆಯುತ್ತಾರೆ. ಕೂಡಲೇ ಆ ನಂಬರು ಹಿಡಿದವರಿಗೆಲ್ಲ ಸುದ್ದಿ ಹೋಗುತ್ತದೆ, ಎಲ್ಲರೂ ಕೈ ಬಿಡುತ್ತಾರೆ. ಚೊಕ್ಕವಾಗಿತ್ತು. ನನ್ನದರಲ್ಲಿ ಯಜಮಾನರಿಲ್ಲ. ಯಾರು ಹಿಡಿದರೂ ಎಣಿಕೆ ಒಂದು ಏರುತ್ತದೆ, ಬಿಟ್ಟರೆ ಒಂದು ಇಳಿಯುತ್ತದೆ. ಸೊನ್ನೆಯಾದಾಗ ನಂಬರು ತಾನಾಗಿ ಖಾಲಿ. ಎಣಿಕೆ ಎಷ್ಟಿದೆ ಎಂದು ಯಾರು ಬೇಕಾದರೂ ಕೇಳಿ ನೋಡಲು ಒಂದು ಕರೆಯನ್ನೂ ಇಟ್ಟಿದ್ದೆ. ಅದು ನನ್ನ ಹೆಮ್ಮೆ.

ಪರೀಕ್ಷೆಗೆ ಬೆಂಗಳೂರಿನ ಆಫೀಸಿನಲ್ಲಿರುವ ಕಾರ್ಡನ್ನು ಮನೆಯಿಂದಲೇ ಬಳಸಬಹುದಿತ್ತು. ನಾನು ಬರೆದ ಟೆಸ್ಟು ಸುಲಭದ್ದು. ಪ್ರೋಗ್ರಾಂಗಳನ್ನು ಹುಟ್ಟಿಸುವುದು, ಪ್ರತಿಯೊಂದೂ ಕಾರ್ಡಿನ ಕೈಯಲ್ಲಿ ತನ್ನ ಮೆಮೊರಿಯ ತುಂಬ ತನ್ನದೇ ಒಂದು ಗುರುತು ಬರೆಸುವುದು, ಅರ್ಧದಲ್ಲೇ ಕೆಲವನ್ನು ಸಾಯಿಸುವುದು, ಹೊಸದನ್ನು ಹುಟ್ಟಿಸುವುದು. ಕೊನೆಗೆ ಬದುಕಿರುವ ಪ್ರತಿಯೊಂದೂ ತನ್ನ ಮೆಮೊರಿಯಲ್ಲಿ ತನ್ನ ಗುರುತೇ ಇದೆಯೇ ಎಂದು ನೋಡಿಕೊಳ್ಳುವುದು.

ಆ ಟೆಸ್ಟಿನಲ್ಲಿ ನಾನು ಬರೆದ ಕೋಡೇ ಬಿತ್ತು. ಒಂದು ಪ್ರೋಗ್ರಾಮಿನ ಮೆಮೊರಿಯಲ್ಲಿ ಸತ್ತುಹೋದ ಇನ್ನೊಂದರ ಗುರುತು ಕಂಡಿತು.

ಎಣಿಕೆ ತಪ್ಪಿರಬೇಕೆಂದು ಮೊದಲು ಅದನ್ನೇ ಹಿಡಿದೆ. ಹಿಡಿದ ಕಡೆ, ಬಿಟ್ಟ ಕಡೆ ಎಲ್ಲ ಗುರುತು ಹಾಕಿ ಓಡಿಸಿದೆ. ಎಣಿಕೆ ಸರಿಯಾಗಿಯೇ ಇಳಿಯುತ್ತಿತ್ತು, ಎಲ್ಲರೂ ಬಿಟ್ಟ ಮೇಲೆಯೇ ಸೊನ್ನೆಯಾಗುತ್ತಿತ್ತು. ಆಮೇಲೆ ಬೀಗಗಳನ್ನು ನೋಡಿದೆ, ಇಬ್ಬರು ಒಂದೇ ಕ್ಷಣಕ್ಕೆ ಕೈ ಹಾಕಿದರೆ ಒಬ್ಬರನ್ನು ತಡೆಯುವ ಬೀಗಗಳು. ಅವೂ ಸರಿ. ಸೊಪ್ಪು ಸೋಸುತ್ತಾ ನೋಡಿದೆ, ಸಾರು ಕುದಿಯುವಾಗ ನೋಡಿದೆ, ಅದಕ್ಕೆ ಎರಡು ಸಲ ಉಪ್ಪು ಹಾಕಿದೆ. ನಮ್ಮ ಮನೆಯ ಯಜಮಾನರು ಹೈಸ್ಕೂಲು ಮೇಷ್ಟರು, ಸಾರಿನ ಬಗ್ಗೆ ಏನೂ ಹೇಳದೆ ಮಜ್ಜಿಗೆಗೆ ಹೋದರು. ಅದೂ ಒಂದು ದಯೆಯೇ.

ಕೊನೆಗೆ ಕಾರ್ಡಿನಿಂದ ಬರುವ ಕೋರಿಕೆಗಳನ್ನೇ ಸಾಲಾಗಿ ಬರೆಸಿ ನೋಡಿದಾಗ ಕಳ್ಳ ಸಿಕ್ಕಿದ. ಪ್ರೋಗ್ರಾಂ ಸತ್ತಿದೆ, ಡ್ರೈವರ್ ಕೈ ಬಿಟ್ಟಿದೆ, ಮೆಮೊರಿಯ ಭಾಗ ಕೈ ಬಿಟ್ಟಿದೆ, ಎಣಿಕೆ ಸೊನ್ನೆ, ನಂಬರು ಖಾಲಿಯಾಗಿ ಹೊಸ ಪ್ರೋಗ್ರಾಮಿಗೆ ಹೋಗಿದೆ. ಅಷ್ಟಾದ ಮೇಲೆ, ಕಾರ್ಡಿನ ಹೊಟ್ಟೆಯೊಳಗೆ ಇನ್ನೂ ಉಳಿದಿದ್ದ ಹಳೆಯ ಕೋರಿಕೆಯೊಂದು ಅದೇ ನಂಬರನ್ನು ಹಣೆಗೆ ಹಚ್ಚಿಕೊಂಡು ನಿಧಾನಕ್ಕೆ ಹೊರಗೆ ಬರುತ್ತದೆ. ಬಾಗಿಲು ತೆರೆಯುತ್ತದೆ. ಹೊಸಬನ ಮನೆಯೊಳಗೆ ಹೋಗಿ ಸತ್ತವನ ಗುರುತು ಬರೆದುಬಿಡುತ್ತದೆ. ನಾನು ಎಲ್ಲರನ್ನೂ ಎಣಿಸಿದ್ದೆ, ಕಾರ್ಡನ್ನು ಮಾತ್ರ ಎಣಿಸಿರಲಿಲ್ಲ.

ಅತ್ತ ಅವಳ ಕೋಡು ನನ್ನ ಟೆಸ್ಟಿನಲ್ಲೇ ಓಡುತ್ತಿತ್ತು. ಎಷ್ಟು ಓಡಿಸಿದರೂ ಓಡುತ್ತಲೇ ಇತ್ತು. ಮುಖ್ಯಸ್ಥರು ಗುಂಪಿನ ಸಂದೇಶದಲ್ಲಿ "ಇದು ಗಟ್ಟಿಯಾಗಿದೆ" ಎಂದು ಬರೆದು ಹೆಬ್ಬೆರಳಿನ ಚಿತ್ರ ಹಾಕಿದರು. ಅವಳು ಕೆಳಗೆ ಒಂದು ನಗುಮುಖ ಹಾಕಿದಳು. ಆ ಹೆಬ್ಬೆರಳನ್ನು ನಾನು ದಿನವೆಲ್ಲ ನೋಡಿದೆ.

ಶನಿವಾರ ತಲೆಗೆ ಸ್ನಾನ ಮಾಡಿ ಸ್ವಾಮಿಗೆ ತುಳಸಿ ಏರಿಸಿದೆ. ನನ್ನ ಕೋಡು ಸರಿಯಾಗಲಿ ಎಂದು ಕೇಳಿಕೊಳ್ಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಅವಳದ್ದೂ ಬೀಳಲಿ ಸ್ವಾಮಿ" ಅಂದೆ. ಗಂಟೆ ಅಲ್ಲಾಡಿಸುತ್ತಿದ್ದ ಕೈ ನಿಂತಿತು. ಆಡಿದ್ದು ಆಡಿಯಾಗಿತ್ತು, ಮಂಗಳಾರತಿ ಮುಗಿಸಿದೆ.

ಕರ್ಪೂರದ ತಟ್ಟೆ ತೊಳೆಯುವಾಗ ಒಂದು ಪ್ರಶ್ನೆ ಬಂತು. ಅವಳು ತಾನೇ ಕಾರ್ಡನ್ನು ಎಲ್ಲಿ ಕೇಳಿದ್ದಾಳೆ? ಸುದ್ದಿ ಹೋಗುವುದು ಡ್ರೈವರಿಗೆ, ಮೆಮೊರಿಯ ಭಾಗಕ್ಕೆ, ಅವರಿಗೆ ಇವರಿಗೆ. ಕಾರ್ಡಿನ ಹೊಟ್ಟೆಯಲ್ಲಿರುವುದಕ್ಕೆ ಅವಳಲ್ಲೂ ಯಾರೂ ಕಾಯುವುದಿಲ್ಲ. ಹಾಗಿದ್ದ ಮೇಲೆ ನನ್ನದು ಬಿದ್ದು ಅವಳದು ಹೇಗೆ ನಿಲ್ಲುತ್ತದೆ?

ಊಟದ ಮೇಜಿನ ಮೇಲೆ ಅವಳ ಕೋಡು ತೆರೆದು ಕೂತೆ. ಕಾರಣ ಸಿಕ್ಕಿದ್ದು ಯಾರೂ ನೋಡದ ಒಂದು ಸಾಲಿನಲ್ಲಿ. ನಾನು ನಂಬರು ಕೊಡುವಾಗ ಖಾಲಿ ಇರುವುದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಕೊಡುತ್ತಿದ್ದೆ. ಈಗ ತಾನೇ ಬಿಟ್ಟದ್ದು ಕೂಡಲೇ ಇನ್ನೊಬ್ಬರಿಗೆ ಹೋಗುತ್ತಿತ್ತು. ಅವಳು ಕೊನೆಗೆ ಕೊಟ್ಟದ್ದರ ಮುಂದಿನದನ್ನು ಕೊಡುತ್ತಿದ್ದಳು. ನಂಬರುಗಳೆಲ್ಲ ಒಂದು ಸುತ್ತು ಮುಗಿದ ಮೇಲೆಯೇ ಹಳೆಯದು ಮತ್ತೆ ಕೈಗೆ ಬರುವುದು. ಅಷ್ಟರಲ್ಲಿ ಕಾರ್ಡು ಯಾವತ್ತೋ ತನ್ನ ಬಾಕಿ ಮುಗಿಸಿರುತ್ತದೆ. ಅವಳದು ನಿಂತಿದ್ದು ಗಟ್ಟಿಯಾಗಿದ್ದಕ್ಕಲ್ಲ, ದಾರಿ ಉದ್ದ ಇದ್ದದ್ದಕ್ಕೆ.

ಟೆಸ್ಟಿನಲ್ಲಿ ನಂಬರುಗಳ ರಾಶಿಯನ್ನೇ ಕಿರಿದು ಮಾಡಿ, ಬೆರಳಲ್ಲಿ ಎಣಿಸುವಷ್ಟೇ ಉಳಿಸಿ ಓಡಿಸಿದೆ. ಅವಳ ಕೋಡು ಬಿತ್ತು. ಸತ್ತವನ ಗುರುತು ಹೊಸಬನ ಮನೆಯಲ್ಲಿ ಸಿಕ್ಕಿತು.

ನಾನು ಕೇಸರಿಬಾತು ಮಾಡಿದೆ.

"ಏನು ವಿಶೇಷ?" ಎಂದರು ಯಜಮಾನರು, ತಟ್ಟೆ ನೋಡಿ.

"ಒಬ್ರ ಕೋಡು ಬಿತ್ತು ರೀ."

"ಯಾರ್ದು?"

"ಚಿಂತಾಮಣಿಯವಳ್ದು."

"ನಿಂದು?"

"ನಂದು ಮೊದ್ಲೇ ಬಿದ್ದಿತ್ತು."

ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಇಬ್ರೂ ಫೇಲಾದ್ರೆ ಸ್ಕೂಲಲ್ಲಿ ನಾವು ಸಿಹಿ ಹಂಚಲ್ಲಮ್ಮ," ಅಂದರು. "ದ್ರಾಕ್ಷಿ ಚೆನ್ನಾಗ್ ಹಾಕಿದೀಯ."

ಈಗ ಸೋಮವಾರದ ಪ್ರಶ್ನೆ. ಎಲ್ಲರೂ ಕೂತಾಗ, ಅವಳು ಮಾತು ಮುಗಿಸಿ ನೀರು ಕುಡಿಯುವಾಗ, "ಒಂದು ಟೆಸ್ಟ್ ಇದೆ ಸರ್" ಎಂದು ನಾನು ತೆಗೆಯಬಹುದಿತ್ತು. ಆ ದೃಶ್ಯವನ್ನು ಪಾತ್ರೆ ತಿಕ್ಕುತ್ತಾ ಪೂರ್ತಿ ನೋಡಿದೆ, ಅವಳ ಮುಖವನ್ನೂ ನೋಡಿದೆ. ಆದರೆ ತಂಡದಲ್ಲಿ ಒಂದು ನಡವಳಿಕೆ ಇದೆ. ಯಾರದ್ದನ್ನು ಬೀಳಿಸಿದರೂ ಮೊದಲು ಅವರಿಗೇ ತಿಳಿಸಬೇಕು. ಅದನ್ನು ಮೀರುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಅವಳ ದನಿ ಇಳಿಯುವುದನ್ನು ನಾನೊಬ್ಬಳೇ ಕೇಳಬೇಕಿತ್ತು. ಫೋನು ಮಾಡಿದೆ.

"ಏಮೇ, ಬಾಗುನ್ನಾವಾ?" ಅಂದಳು. ಚಿಂತಾಮಣಿಯ ತೆಲುಗು ಅವಳ ನಾಲಗೆ ಬಿಟ್ಟಿಲ್ಲ.

"ಚೆನ್ನಾಗಿದೀನಿ. ನಿನ್ನ ಕೋಡ್ ಬಿತ್ತು ಕಣೇ. ರಾಶಿ ಚಿಕ್ಕದು ಮಾಡಿ ಓಡಿಸ್ದೆ."

ಫೋನನ್ನು ಕಿವಿಗೆ ಒತ್ತಿಕೊಂಡು ನಾನು ಕಾದೆ. ಅವಳು ಜೋರಾಗಿ ನಕ್ಕಳು.

"ಅಬ್ಬ, ಸಿಕ್ತಾ! ಎಲ್ಲೋ ಏನೋ ಐತೆ ಅಂತ ನಂಗೆ ಅನುಮಾನ ಇತ್ತು ಕಣೇ. ಹುಡುಕಿ ಹುಡುಕಿ ಸಾಕಾಗಿತ್ತು. ರಾಶಿ ಚಿಕ್ಕದು ಮಾಡೋದು ನಂಗ್ ಹೊಳೀಲೇ ಇಲ್ಲ ನೋಡು. ನಿಂದೂ ಕಾರ್ಡಿನ ಬಾಕಿಗೇ ಬಿದ್ದಿದ್ದಾ?"

"ಹ್ಞೂಂ."

"ಸರ್ಲೇ. ನಾಳೆ ಅಮ್ಮನ್ನ ನೋಡಕ್ಕೆ ಊರಿಗೆ ಹೋಗ್ತಿದೀನಿ. ದಾರೀಲಿ ನಿಮ್ಮನೇಲಿ ಇಳೀತೀನಿ. ಕೂತು ಮುಗಿಸಣ. ಊಟಕ್ಕೇನ್ ಮಾಡ್ತೀಯ?"

ಸೋತದ್ದಕ್ಕೆ ಹೀಗೆ ನಗುವವರನ್ನು ಏನು ಮಾಡುವುದು? ಫೋನು ಇಟ್ಟ ಮೇಲೆ ಉಳಿದ ಕೇಸರಿಬಾತನ್ನು ನಾನೇ ತಿಂದೆ.

ಭಾನುವಾರ ಬಂದಳು. ಹತ್ತಿಯ ಸಾದಾ ಸೀರೆ. ಒಳಗೆ ಬಂದವಳೇ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿ, "ಮಂಡಿ ಹೆಂಗಿದೆ ಅಮ್ಮ?" ಅಂದಳು. ಅಷ್ಟೇ, ಅತ್ತೆ ಕರಗಿದರು. ಅವಳು ಬಸ್ಸಾರು ಎರಡನೇ ಸಲ ಹಾಕಿಸಿಕೊಂಡು ಮುದ್ದೆ ಮುರಿಯುವುದನ್ನು ನೋಡಿ, "ತಿನ್ನೋದ್ ನೋಡು ಹೆಂಗೆ ಲಕ್ಷಣವಾಗಿ! ನಮ್ಮನೇವ್ಳು ಕೋಳಿ ಹಂಗೆ ಕೆದಕ್ತಾಳೆ," ಎಂದು ನನ್ನ ಎದುರಿಗೇ ಹೇಳಿದರು. ನಾನು ಮಾಡಿದ ಸಾರು, ಹೊಗಳಿಕೆ ಮಾತ್ರ ಅವಳಿಗೆ.

ಮೇಜು ಒರೆಸಿ ಲ್ಯಾಪ್‌ಟಾಪುಗಳನ್ನು ಇಟ್ಟುಕೊಂಡು ಕೂತೆವು. ಜಗಳ ಕೂಡಲೇ ಶುರುವಾಯಿತು.

"ಬಿಡ್ತೀನಿ ಅಂದೋರೇ ನಿಂತು ಕಾಯ್ಲಿ," ಅಂದಳು. "ಬಿಡುಗಡೆ ಕರೆ ಒಳಗೇ ಕಾರ್ಡ್ ಖಾಲಿ ಮಾಡ್ಸಣ. ಖಾಲಿ ಆಗೋವರ್ಗೂ ಕರೆ ವಾಪಸ್ ಬರೋದೇ ಬೇಡ."

"ಸಾಯ್ತಿರೋ ಪ್ರೋಗ್ರಾಮನ್ನ ಹಿಡ್ಕೊಂಡು ಕಾಯ್ಸಕ್ಕಾಗತ್ತೇನೇ? ಕಾರ್ಡ್ ಮುನಿಸ್ಕೊಂಡು ಕೂತ್ರೆ ಅದು ಸಾಯೋದೂ ಇಲ್ಲ, ಬದುಕೋದೂ ಇಲ್ಲ. ಅದರ ಬೀಗ ಹಿಡ್ಕೊಂಡು ಬೇರೆಯವರೂ ನಿಂತೋಗ್ತಾರೆ."

"ಯಾರಮ್ಮ ಸಾಯ್ತಿರೋದು?" ಎಂದು ಅತ್ತೆ ಕೋಣೆಯಿಂದ ಕೇಳಿದರು.

"ಯಾರೂ ಇಲ್ಲ ಅತ್ತೆ, ಕಂಪ್ಯೂಟರು."

"ಭಾನುವಾರ ಬಿಡ್ತು ಅನ್ನಿ."

ಬಿಡ್ತು ಅಂದು ಮತ್ತೆ ಶುರು ಮಾಡಿದೆವು. ಅವಳ ಮಾತಿನಲ್ಲಿ ಒಂದು ನಿಜವಿತ್ತು. ಯಾರಾದರೂ ಕಾಯಲೇಬೇಕು, ಕಾಯದೆ ನಂಬರು ಕೈ ಬದಲಾಯಿಸಬಾರದು. ನನ್ನದರಲ್ಲೂ ಒಂದು ನಿಜವಿತ್ತು, ಕಾಯುವವರು ಬಿಟ್ಟುಹೋಗುವವರಾಗಬಾರದು. ಹಾಗಾದರೆ ಯಾರು? ಅಲ್ಲಿಗೆ ಬಂದು ಗಾಡಿ ಹೂತುಹೋಯಿತು. ಕಾಫಿ ಆಯಿತು. ಅವಳು ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತಳು. ಹಿಂದಿನ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ, ತಾರಸಿಯ ಮೇಲೆ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮ ಕಡೆ ಚಂದ್ರಿಕೆ ಅನ್ನುತ್ತಾರೆ. ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಇರುತ್ತದೆ.

"ಇವರು ಸ್ವಂತದ್ದು ಇಟ್ಕೊಂಡಿದಾರಾ, ಬಾಡಿಗೇದಾ?" ಅಂದಳು, ಸುಮ್ಮನೆ ಮಾತಿಗೆ.

"ಬಾಡಿಗೇದು. ನಮ್ಮ ಮೇಲೂರಲ್ಲೂ ಬಾಡಿಗೇಗೇ ತರೋದು."

ಹಾಗೆ ಹೇಳುತ್ತಿದ್ದ ಹಾಗೆ ಮೇಲೂರಿನ ನನ್ನ ತವರುಮನೆಯ ಒಂದು ರೇಷ್ಮೆ ಬೆಳೆ ನೆನಪಿಗೆ ಬಂತು. ನಾನು ಚಿಕ್ಕವಳು. ಹುಳು ಹಣ್ಣಾಗಿಬಿಟ್ಟಿತ್ತು, ಚಂದ್ರಿಕೆ ಸಾಲದೆ ಬಂದಿತ್ತು. ಪಕ್ಕದ ಮನೆಯವರು ಅಂದೇ ಗೂಡು ಬಿಡಿಸಿ ಮುಗಿಸಿದ್ದರು. "ಎಲ್ಲಾ ಬಿಡಿಸಿದೀವಿ, ತಗೊಂಡ್ ಹೋಗಣ್ಣ" ಎಂದರು. ಬಾಡಿಗೆಗೆ ಕೊಡುವವನ ಅಂಗಳಕ್ಕೆ ಕಳಿಸಿ ತರಿಸುವುದು ಸುತ್ತುದಾರಿ ಎಂದು ಅಪ್ಪ ಗೋಡೆಯ ಮೇಲಿಂದಲೇ ಇಳಿಸಿಕೊಂಡರು. ಸುರುಳಿಗಳ ಸಂದಿಯಲ್ಲಿ ಹಿಂದುಳಿದ ಹುಳು ಇದ್ದವು. ಎಲ್ಲ ಹುಳುವೂ ಗೂಡು ಕಟ್ಟಿದ ಮೇಲೂ ಕಟ್ಟದೆ ಉಳಿಯುವುದು ಸಾಮಾನ್ಯವಾಗಿ ಕಾಯಿಲೆಯ ಹುಳು. ಮುಂದಿನ ಬೆಳೆಗೆ ರೋಗ ನಮ್ಮ ಮನೆಯಲ್ಲಿತ್ತು. ಪಕ್ಕದ ಮನೆಯವರು ಸುಳ್ಳು ಹೇಳಿರಲಿಲ್ಲ, ಅವರು ನಿಜವಾಗಿಯೂ ಎಲ್ಲಾ ಬಿಡಿಸಿದ್ದರು. ಅವರಿಗೆ ಕಾಣುವುದನ್ನೆಲ್ಲ.

ಆಮೇಲೆ ಅಪ್ಪ ಗೋಡೆಯ ಮೇಲಿಂದ ಯಾವತ್ತೂ ಚಂದ್ರಿಕೆ ತರಲಿಲ್ಲ. ಬಾಡಿಗೆಯವನ ಅಂಗಳಕ್ಕೇ ವಾಪಸ್ಸು ಹೋಗಬೇಕು, ಬ್ಲೀಚಿಂಗ್ ನೀರಲ್ಲಿ ಮುಳುಗಿ ಏಳಬೇಕು, ಬಿಸಿಲು ಕಾಣಬೇಕು, ಆಮೇಲೆ ಬರಬೇಕು.

ಇದನ್ನು ಅವಳಿಗೆ ಹೇಳಿದೆ. "ನಮ್ಮ ಕಡೇನೂ ಅಷ್ಟೆ," ಅಂದಳು. ಆಮೇಲೆ ಇಬ್ಬರೂ ಒಟ್ಟಿಗೆ ಲ್ಯಾಪ್‌ಟಾಪಿನ ಕಡೆ ತಿರುಗಿದೆವು.

"ಗೂಡು ಬಿಡಿಸ್ದೋರು ಅಂಗಳದಲ್ಲಿ ಕಾಯಲ್ಲ," ಅಂದೆ. "ಒಪ್ಪಿಸಿ ಮನೇಗೆ ಹೋಗ್ತಾರೆ. ಕಾಯೋದು ಬಾಡಿಗೆಯವ್ನು."

"ಬಾಡಿಗೆಯವ್ನು ಅಂದ್ರೆ ನಂಬರ್ ಕೊಡೋ ನಮ್ಮ ಕಡತವೇ."

"ಬಿಟ್ಟ ನಂಬರು ಖಾಲಿ ಆಗಲ್ಲ. ಒಣಗಕ್ಕೆ ಹೋಗತ್ತೆ. ಬಳಕೇಲೂ ಇಲ್ಲ, ಖಾಲೀನೂ ಅಲ್ಲ, ಮೂರನೇ ಜಾಗ. ನಮ್ಮ ಕಡತವೇ ಕಾರ್ಡನ್ನ ಕೇಳತ್ತೆ, ಈ ನಂಬರಿನ ಬಾಕಿ ಎಲ್ಲಾ ಮುಗೀತಾ ಅಂತ. ಕಾರ್ಡು ಹ್ಞೂಂ ಅಂದ್ಮೇಲೆ ರಾಶಿಗೆ."

ಅವಳು ಕಾಫಿ ಲೋಟ ಕೆಳಗಿಟ್ಟಳು. "ಹಂಗಾದ್ರೆ ಗೋಡೆ ಮೇಲಿಂದ ಕೊಡೋ ಅಧಿಕಾರ ಯಾರಿಗೂ ಇರಬಾರ್ದು ಕಣೇ. ಬಿಡುಗಡೆ ಅನ್ನೋ ಕರೇನೇ ಇಂಟರ್‌ಫೇಸಲ್ಲಿ ಇರಬಾರ್ದು. ಹಿಡಿ, ಸೇರ್ಕೋ, ಬಿಡು, ಅಷ್ಟೆ. ಖಾಲಿ ಮಾಡೋದು ಒಳಗಿನ ಕೆಲಸ."

ಬಿಡುಗಡೆಯ ಕರೆ ಅವಳ ಕಟ್ಟಿನ ತೊಲೆ. ನಂಬರಿಗೊಬ್ಬ ಯಜಮಾನರು ಎಂಬ ಅವಳ ಲೆಕ್ಕವೆಲ್ಲ ಅದರ ಮೇಲೆ ನಿಂತಿತ್ತು. ಅವಳು ಅದನ್ನು ಗುರುತು ಹಾಕಿ ಅಳಿಸಿಬಿಟ್ಟಳು, ಕರಿಬೇವಿನ ಕಡ್ಡಿ ತೆಗೆದು ಬದಿಗಿಟ್ಟ ಹಾಗೆ. ಒಂದು ನಿಟ್ಟುಸಿರೂ ಬಿಡಲಿಲ್ಲ.

"ಎಣಿಕೆ ಕೇಳೋ ನಿನ್ನ ಕರೇನೂ ಹೋಗ್ಬೇಕಾಗತ್ತೆ," ಅಂದಳು. "ಸೊನ್ನೆ ನೋಡ್ಬಿಟ್ಟು ಖಾಲಿ ಆಯ್ತು ಅಂದ್ಕೊಂಡ್ ಬಿಡ್ತಾರೆ ಜನ."

ಸರಿಯಾಗಿಯೇ ಹೇಳಿದ್ದಳು. ನನಗೆ ಮಾತ್ರ ಅಳಿಸಲು ಬೆರಳು ಏಳಲಿಲ್ಲ. ಅದಕ್ಕೆ ಎಷ್ಟು ಚೆನ್ನಾಗಿ ವಿವರಣೆ ಬರೆದಿದ್ದೆ! ಪಾತ್ರೆ ಇಡುವ ನೆಪದಲ್ಲಿ ಅಡುಗೆಮನೆಗೆ ಹೋದೆ, ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ವಾಪಸ್ಸು ಬರುವಾಗ ಅವಳು ಅತ್ತೆಗೆ ಮಾತ್ರೆಯ ಪಟ್ಟಿ ಬಿಡಿಸಿ ಕೊಡುತ್ತಿದ್ದಳು. ಕೂತು ಅಳಿಸಿದೆ. ಒಂದೇ ಕೆಲಸ, ಅವಳಿಗೆ ಉಗುರು ಕತ್ತರಿಸಿದಷ್ಟು ಸುಲಭ, ನನಗೆ ಬೆರಳೇ ಹೋದ ಹಾಗೆ. ನನಗೆ ಹೊಟ್ಟೆ ಉರಿದದ್ದು ಅವಳ ಜಾಣತನಕ್ಕಲ್ಲ, ಆ ಸುಲಭಕ್ಕೆ.

ಉಳಿದದ್ದು ಕೂಲಿ ಕೆಲಸ. ಅವಳ ಸುದ್ದಿ ಕಳಿಸುವ ಭಾಗ ಉಳಿಯಿತು, ಪ್ರೋಗ್ರಾಂ ಸತ್ತರೆ ಹಿಡಿದವರಿಗೆಲ್ಲ ತಿಳಿಯಬೇಕಲ್ಲ. ನನ್ನ ಎಣಿಕೆ ಒಳಗೆ ಉಳಿಯಿತು, ಕೊನೆಯವರು ಬಿಟ್ಟಾಗ ನಂಬರನ್ನು ಒಣಗಲು ಹಾಕುವುದು ಅದೇ. ಕಾರ್ಡು ಎಷ್ಟು ಹೊತ್ತಾದರೂ ಹ್ಞೂಂ ಅನ್ನದಿದ್ದರೆ? ಡ್ರೈವರಿಗೆ ಹೇಳಿ ಕಾರ್ಡಿನೊಳಗಿನ ಆ ಕೋರಿಕೆಗಳ ಸಾಲನ್ನೇ ಹೊಡೆದುಹಾಕಿಸಿ ಹೊಸದಾಗಿ ಶುರು ಮಾಡಿಸುವುದು. ರಾಶಿಯಲ್ಲಿ ಏನೂ ಇಲ್ಲದೆ ಎಲ್ಲವೂ ಒಣಗುತ್ತಲೇ ಇದ್ದರೆ? ಇಲ್ಲ, ಆಮೇಲೆ ಬಾ ಎಂದು ನೇರವಾಗಿ ಹೇಳುವುದು. ಸುಳ್ಳು ನಂಬರು ಕೊಡುವುದಕ್ಕಿಂತ ಇಲ್ಲ ಅನ್ನುವುದು ಒಳ್ಳೆಯದು. ಈ ಕೊನೆಯದಕ್ಕೆ ಇಬ್ಬರೂ ಮೊದಲ ಮಾತಿಗೇ ಒಪ್ಪಿದೆವು.

ಕಿರಿದು ಮಾಡಿದ ರಾಶಿಯ ಮೇಲೆ ಟೆಸ್ಟು ಹಚ್ಚಿ, ಅವಳನ್ನು ಚಿಂತಾಮಣಿಯ ಬಸ್ಸು ಹತ್ತಿಸಿ ಬಂದೆ. ಬರುವಷ್ಟರಲ್ಲಿ ಮುಗಿದಿತ್ತು. ಬದುಕಿದ್ದ ಪ್ರತಿ ಪ್ರೋಗ್ರಾಮಿನಲ್ಲೂ ಅದರದೇ ಗುರುತು. ಮತ್ತೆ ಓಡಿಸಿದೆ, ಸಾಯಿಸುವುದನ್ನು ಜಾಸ್ತಿ ಮಾಡಿ ಓಡಿಸಿದೆ. ಆಗಾಗ "ಆಮೇಲೆ ಬಾ" ಬಂತು, ಬರಬೇಕಾದ್ದೇ. ಬೇರೆಯವರ ಗುರುತು ಮಾತ್ರ ಎಲ್ಲೂ ಬರಲಿಲ್ಲ.

ಸೋಮವಾರ ಮುಖ್ಯಸ್ಥರು ಎರಡು ಕಟ್ಟು ಬರುತ್ತವೆಂದು ಕಾದಿದ್ದರೆ ಬಂದದ್ದು ಒಂದು. ಎರಡೂ ಬಿದ್ದದ್ದನ್ನು ನಾನು ತೋರಿಸಿದೆ, ಮೂರನೇ ಜಾಗವನ್ನು ಅವಳು ವಿವರಿಸಿದಳು. ಯಾರೋ ಕೇಳಿದರು, "ನನ್ನ ಡ್ರೈವರಿಗೆ ಕಾರ್ಡ್ ಖಾಲಿ ಆಗಿದೆ ಅಂತ ಚೆನ್ನಾಗಿ ಗೊತ್ತಿದೆ. ಆಗ್ಲೂ ನಾನೇ ಬಿಡುಗಡೆ ಮಾಡೋ ಹಂಗಿಲ್ವಾ?"

"ಇಲ್ಲ," ಅಂದೆ. "ನಿಮಗೆ ಗೊತ್ತಿರೋದು ನಿಮಗೆ ಕಾಣೋದಷ್ಟೆ."

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಮುಖ್ಯಸ್ಥರು ಇನ್ನೂ ಒಂದೆರಡು ಮೂಲೆ ಕೆದಕಿ, ಕೊನೆಗೆ ಒಪ್ಪಿದರು.

"ಸರಿ. ಒಡೆಯರು ಯಾರು? ಇಬ್ರನ್ನ ಹಾಕಲ್ಲ ನಾನು. ಇಬ್ರಿದ್ರೆ ಇಬ್ರೂ ನೋಡಲ್ಲ."

ಅವಳು ಹಿರಿಯಳು, ಕಡತದ ಹೊರಮೈ, ಅಂದರೆ ಹೊರಗಿನವರು ಕರೆಯುವ ಆ ಮೂರು ಕರೆಗಳು, ಅವಳದು. ಕೇಳುವ ಪ್ರಶ್ನೆಯೇ ಅಲ್ಲ ಅದು. ಅವಳ ಹೆಸರನ್ನು ಹೇಳುವುದಷ್ಟೇ ಬಾಕಿ.

"ಅವಳ ಹೆಸರು ಹಾಕಿ ಸರ್," ಅಂದಳು ಅವಳು. ಇನ್ನೊಂದು ಪರದೆಯಲ್ಲಿ ಏನೋ ಟೈಪು ಮಾಡುತ್ತಲೇ ಹೇಳಿದಳು. "ಮೂರನೇ ಜಾಗ ಅವಳ್ದು. ನಂಗೆ ಆಗ್ಲೇ ಬೇರೆ ಕಡತ ಬೇಕಾದಷ್ಟಿವೆ."

ಬೇಕಾದಷ್ಟಿವೆ. ನಾನು ಹಸಿವಿನ ಹಾಗೆ ಆಸೆಪಟ್ಟದ್ದು, ಅವಳಿಗೆ ಹೆಚ್ಚಾಯಿತೆಂದು ಪಕ್ಕಕ್ಕೆ ಸರಿಸುವಂಥದ್ದು. ನನ್ನ ಜಾಗದಲ್ಲಿ ಅವಳಿದ್ದು ಅವಳ ಜಾಗದಲ್ಲಿ ನಾನಿದ್ದರೆ ಕೊಡುತ್ತಿದ್ದೆನೇ? ಇಲ್ಲ. ಅದು ನನಗೆ ಗೊತ್ತು, ದೇವರಿಗೂ ಗೊತ್ತು. ಬೇಡ ಅನ್ನಬೇಕೆಂದು ಬಾಯಿಯ ತನಕ ಬಂತು. ಅವಳು ಕೊಟ್ಟದ್ದನ್ನು ಬೇಡ ಅನ್ನುವಷ್ಟು ನನ್ನ ಹತ್ತಿರ ಇರಲಿಲ್ಲ.

"ಮೇಡಂ?" ಅಂದರು ಮುಖ್ಯಸ್ಥರು. "ಒಪ್ಪಿಗೇನಾ?"

"ಒಪ್ಪಿಗೆ ಸರ್."

ಸಂಜೆಯ ಹೊತ್ತಿಗೆ ಕಡತ ಒಳಗೆ ಹೋಯಿತು. ತಲೆಯ ಮೇಲೆ ನನ್ನ ಹೆಸರು, ಒಂದೇ ಹೆಸರು. ಯಜಮಾನರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ನೋಡುವ ಹಾಗೆ ಬೆರಳಿಟ್ಟು ಓದಿದರು. ಅತ್ತೆಗೂ ತೋರಿಸಿದೆ. "ಆ ಹುಡುಗಿ ಹೆಸರೆಲ್ಲಮ್ಮ?" ಅಂದರು.

ದೀಪ ಹಚ್ಚಿ ಸ್ವಾಮಿಯ ಮುಂದೆ ಕೂತೆ. ಅವಳು ಒಳ್ಳೆಯವಳು, ಅವಳನ್ನು ಚೆನ್ನಾಗಿಟ್ಟಿರು ಎಂದು ಕೇಳಿಕೊಂಡೆ. ಮನಸ್ಸಿನಿಂದಲೇ ಕೇಳಿಕೊಂಡೆ. ಆಮೇಲೆ ಕೈ ಮುಗಿದು, ಇದನ್ನು ಕೊಟ್ಟದ್ದು ನೀನು ಅಂತ ನಾನು ಅಂದುಕೊಳ್ಳುತ್ತೇನೆ ಸ್ವಾಮಿ, ಅವಳು ಅಂತ ಅಂದುಕೊಳ್ಳುವುದಿಲ್ಲ, ಅಂದೆ.